ಮರಿಬಸಪ್ಪನ ನಲವತ್ತು ಕಲ್ಲು

ಹಿರೇದಿನ್ನಿಯಲ್ಲಿ ಕಾರಣವಿಲ್ಲದೆ ನಡೆದವರು ಅದುವರೆಗೆ ಒಬ್ಬರೂ ಇರಲಿಲ್ಲ. ನಡೆಯುವವರಿಗೇನೋ ಕೊರತೆಯಿರಲಿಲ್ಲ. ಹೊಲಕ್ಕೆ ನಡೆಯುತ್ತಿದ್ದರು, ಎರಡು ಮೈಲಿ ಆಚೆಯ ಕೋಸಗಿ ಸ್ಟೇಷನ್ನಿಗೆ ನಡೆಯುತ್ತಿದ್ದರು, ಬೆಳಗಿನ ಜಾವ ತಂಬಿಗೆ ಹಿಡಿದು ಬಯಲಿಗೆ ನಡೆಯುತ್ತಿದ್ದರು. ಪ್ರತಿ ನಡಿಗೆಗೂ ಒಂದು ಕೊನೆಯಿತ್ತು, ಆ ಕೊನೆಯಲ್ಲಿ ಒಂದು ಕೆಲಸವಿತ್ತು. ಆದ್ದರಿಂದ ೧೯೫೪ರ ಬೇಸಿಗೆಯ ಒಂದು ಮುಂಜಾನೆ ಸಿಂಪಿಗ ಮರಿಬಸಪ್ಪ ಕೈಯಲ್ಲಿ ತಂಬಿಗೆಯಿಲ್ಲದೆ, ಹೆಗಲ ಮೇಲೆ ಸಲಿಕೆಯಿಲ್ಲದೆ, ಬಗಲಲ್ಲಿ ಬುತ್ತಿಯಿಲ್ಲದೆ, ಬಯಲನ್ನೂ ದಾಟಿ ಗರಸುದಿಣ್ಣೆ ಹತ್ತಿ, ಬಾಯಲ್ಲೇ ಏನೋ ಎಣಿಸುತ್ತ ಹೋದಾಗ ಊರು ಅದನ್ನು ಗಮನಿಸಿತು.

ಮೊದಲು ಗಮನಿಸಿದವಳು ಪಕ್ಕದ ಮನೆಯ ದಸ್ತಗಿರಮ್ಮ. ಅವಳು ನೇರವಾಗಿ ಮರಿಬಸಪ್ಪನ ಹೆಂಡತಿ ಉರುಕುಂದಮ್ಮನ ಹತ್ತಿರ ಬಂದಳು.

"ಯಕ್ಕಾ, ನಿಮ್ಮನಿಯವರು ಖಾಲಿ ಕೈಲೆ ಹೊಂಟಾರಲ್ಲ. ಮನ್ಯಾಗ ಏನರ ಮಾತಾತೇನು?"

"ಮಾತೇನಿಲ್ಲವ್ವ. ಆದೋನಿ ಡಾಕ್ಟರು ನಡೀರಿ ಅಂದಾರ."

"ನಡದು ಎಲ್ಲಿಗಿ ಹೋಗಬೇಕಂತ?"

"ಎಲ್ಲಿಗೂ ಇಲ್ಲ. ಹೋಗಬೇಕು, ತಿರುಗಿ ಬರಬೇಕು, ಅಷ್ಟ."

ದಸ್ತಗಿರಮ್ಮನಿಗೆ ನಂಬಿಕೆ ಬರಲಿಲ್ಲ. "ಇರಲಿ ಬಿಡಕ್ಕ. ಹೇಳಬಾರದ್ದು ಇದ್ದರ ನಾ ಯಾಕ ಕೇಳಲಿ," ಎಂದು ಹೋದಳು. ಮಧ್ಯಾಹ್ನದ ಹೊತ್ತಿಗೆ, ಹೇಳಬಾರದ್ದೊಂದು ಇದೆ ಎಂಬ ಸುದ್ದಿ ಊರಿಗೆಲ್ಲ ಮುಟ್ಟಿತ್ತು.

ಇದ್ದ ವಿಷಯ ಇಷ್ಟೆ. ಇಪ್ಪತ್ತೆರಡು ವರ್ಷ ಹೊಲಿಗೆ ಮಿಷಿನ್ನಿನ ಮುಂದೆ ಕೂತದ್ದರಿಂದ ಮರಿಬಸಪ್ಪನ ಹೊಟ್ಟೆಯಲ್ಲಿ ಉಂಡದ್ದು ಉಂಡ ಜಾಗದಲ್ಲೇ ನಿಲ್ಲುತ್ತಿತ್ತು. ಡಾಕ್ಟರು ಹೊಟ್ಟೆಯನ್ನು ನಾಲ್ಕು ಕಡೆ ಒತ್ತಿ ನೋಡಿ, ದಿನಾ ನಾಲ್ಕು ಸಾವಿರ ಹೆಜ್ಜೆ ಮುಂದಕ್ಕೆ, ನಾಲ್ಕು ಸಾವಿರ ಹಿಂದಕ್ಕೆ ಎಂದಿದ್ದರು. ಚಹಾ ಬಿಡಿ ಎಂದೂ ಹೇಳಿದ್ದರು. ಮರಿಬಸಪ್ಪ ವಿಧೇಯ ಮನುಷ್ಯ. ಒಂದು ಹೆಜ್ಜೆಯೂ ಕಮ್ಮಿಯಾಗಬಾರದೆಂದು ಎಣಿಸತೊಡಗಿದ. ಆದರೆ ನೂರ ಎಂಬತ್ತರ ಹೊತ್ತಿಗೆ ಯಾರಾದರೂ "ಎಲ್ಲಿಗಿ ಹೊಂಟೀರಿ?" ಎನ್ನುವರು, ಲೆಕ್ಕ ತಪ್ಪುವುದು, ಮತ್ತೆ ಮನೆಗೆ ಬಂದು ಹೊಸ್ತಿಲಿನಿಂದ ಮೊದಲು ಮಾಡಬೇಕಾಗುವುದು. ಮೂರನೆಯ ದಿನ ಅವನಿಗೊಂದು ಉಪಾಯ ಹೊಳೆಯಿತು. ನೂರು ಹೆಜ್ಜೆಗೊಂದರಂತೆ ದೊಡ್ಡ ಬಿಳಿ ಬೆಣಚುಕಲ್ಲು ಇಟ್ಟುಬಿಟ್ಟರೆ ದಿನಾ ಎಣಿಸುವ ಗೋಜೇ ಇಲ್ಲ. ಹಾಗೆ ನಲವತ್ತು ಕಲ್ಲು ಇಟ್ಟ. ನಲವತ್ತನೆಯದು ಸರಿಯಾಗಿ ಸ್ಟೇಷನ್ನಿನ ಚಹಾದಂಗಡಿಯ ಬಾಗಿಲಿಗೆ ಬಂದು ನಿಂತದ್ದು ಡಾಕ್ಟರ ದುರದೃಷ್ಟ.

ಇದನ್ನೆಲ್ಲ ಮಾಡುವಾಗ ಅವನ ಕೊರಳಲ್ಲಿ ಅಳತೆಯ ಟೇಪು ಇತ್ತು. ಸ್ನಾನಕ್ಕೆ ಹೊರತು ಅದು ಆ ಕೊರಳಿನಿಂದ ಎಂದೂ ಇಳಿದದ್ದಿಲ್ಲ. ಆದರೆ ಕೊರಳಲ್ಲಿ ಟೇಪು ಹಾಕಿಕೊಂಡು, ತುಟಿಯಲ್ಲಿ ಎಣಿಸಿಕೊಂಡು, ಬಿಳಿ ಕಲ್ಲು ಸಾಲಾಗಿ ಇಡುತ್ತ ಸ್ಟೇಷನ್ನಿನ ಕಡೆ ಹೋಗುವವನನ್ನು ದೂರದಿಂದ ನೋಡಿದವರು ಸರ್ಕಾರದ ಅಳತೆಯೆಂದಲ್ಲದೆ ಬೇರೇನು ತಿಳಿದಾರು?

ಅವನು ಬಂಡಿಜಾಡಿನಲ್ಲಿ ಹೋಗದೆ ದಿಣ್ಣೆಯ ಮೇಲೆ ಏಕೆ ಹೋದ ಎಂಬುದಕ್ಕೂ ಕಾರಣವಿತ್ತು. ಮರಿಬಸಪ್ಪ ಹೊಲಿಯುವುದರಲ್ಲಿ ನಿಪುಣ, ಹೊಲಿದು ಕೊಡುವುದರಲ್ಲಿ ಅಲ್ಲ. ಅರ್ಧ ಊರಿನ ಬಟ್ಟೆ ಅವನ ಅಂಗಡಿಯಲ್ಲಿತ್ತು. ಸುಂಕಣ್ಣನ ಅಂಗಿ ಯುಗಾದಿಯಿಂದ ತೋಳಿಲ್ಲದೆ ಗೂಟಕ್ಕೆ ನೇತಾಡುತ್ತಿತ್ತು. ಹುಲುಗಮ್ಮನ ಕುಪ್ಪಸಕ್ಕೆ ಮೂರು ಸಲ ಅಳತೆ ತೆಗೆದು ಮೂರು ಸಲವೂ ಚೀಟಿ ಕಳೆದಿತ್ತು. ಆದೆಪ್ಪ ಮಗನ ಮದುವೆಗೆಂದು ಕೊಟ್ಟ ಅಂಗಿಯ ಬಟ್ಟೆ ಕತ್ತರಿ ಕಾಣುವ ಮೊದಲೇ ಆ ಮಗನಿಗೆ ಹೆಣ್ಣುಮಗು ಹುಟ್ಟಿತ್ತು. ಬಂಡಿಜಾಡು ಕರಿ ಎರೆಹೊಲಗಳ ನಡುವೆ ನೆಟ್ಟಗೆ ಹೋಗುತ್ತಿತ್ತು, ಮತ್ತು ಒಂದೊಂದು ಬದುವಿನ ಮೇಲೂ ಒಬ್ಬೊಬ್ಬ ಗಿರಾಕಿ ನಿಂತಿರುತ್ತಿದ್ದ. ದಿಣ್ಣೆಯ ಮೇಲೆ ಏನೂ ಬೆಳೆಯುತ್ತಿರಲಿಲ್ಲವಾದ್ದರಿಂದ ಯಾರೂ ನಿಲ್ಲುತ್ತಿರಲಿಲ್ಲ. ಅಲ್ಲಿಯೂ ಸುಂಕಣ್ಣನ ಹೊಲ ಕಾಣುವ ಕಡೆ ಮರಿಬಸಪ್ಪ ಬಂಡೆಯ ಹಿಂದಿನಿಂದ ಸುತ್ತಿ ಹೋಗುತ್ತಿದ್ದ.

ಆ ದಿನಗಳಲ್ಲಿ ಸ್ಟೇಷನ್ನಿಗೆ ಒಂದು ರಸ್ತೆ ಎಂಬುದು ಊರಿನ ದೊಡ್ಡ ಮಾತಾಗಿತ್ತು. ತೆಲುಗರ ಹೊಸ ರಾಜ್ಯವಾಗಿ ವರ್ಷ ತುಂಬಿರಲಿಲ್ಲ. ಕರ್ನೂಲಿನಲ್ಲಿ ಸರ್ಕಾರ ಡೇರೆ ಹಾಕಿಕೊಂಡು ಕೂತಿದೆ, ಕೇಳಿದವರಿಗೆಲ್ಲ ಕೊಡುತ್ತದೆ ಎಂದು ಜನ ನಂಬಿದ್ದರು. ಹಿರೇದಿನ್ನಿಯವರೂ ಅರ್ಜಿ ಹಾಕಿದ್ದರು. ನೆಲ ನೀವು ಕೊಡಿ, ಮೈಗೆಲಸ ನೀವು ಮಾಡಿ, ಹಳ್ಳದ ಮೇಲೆ ಮೋರಿ ನಾವು ಕಟ್ಟುತ್ತೇವೆ ಎಂದು ಉತ್ತರ ಬಂದಿತ್ತು. ಊರೆಲ್ಲ ಸೇರಿ ಒಮ್ಮತದಿಂದ ಒಪ್ಪಿತ್ತು. ಆದರೆ ರಸ್ತೆ ಪಕ್ಕದವನ ಹೊಲದಲ್ಲಿ ಹೋಗಬೇಕೆಂದು ಪ್ರತಿಯೊಬ್ಬನೂ ಹೇಳಿದ್ದರಿಂದ ಮಾತು ಅಲ್ಲಿಗೇ ನಿಂತಿತ್ತು.

ಈ ರಸ್ತೆಯ ಚಿಂತೆ ಮರಿಬಸಪ್ಪನ ಮನೆಯಲ್ಲಿ ಉಳಿದವರಿಗಿಂತ ಒಂದು ಕೈ ಹೆಚ್ಚಾಗಿತ್ತು. ಒಬ್ಬಳೇ ಮಗಳು ರಾಮಲಕ್ಷ್ಮಿ. ಪತ್ತಿಕೊಂಡಕ್ಕೆ ಕೊಟ್ಟಿದ್ದರು, ಬಸಿರ ಕುಬುಸವೂ ಆಗಿತ್ತು, ಆಷಾಢದಲ್ಲಿ ಹೆರಿಗೆ. ಮೊದಲ ಹೆರಿಗೆ ತವರಿನಲ್ಲಿ ಎಂದು ಉರುಕುಂದಮ್ಮ ಕೌದಿ ಹೊಲಿದು, ಖಾರ ಕುಟ್ಟಿ, ತೊಟ್ಟಿಲು ಇಳಿಸಿ ತೊಳೆದಿಟ್ಟಿದ್ದಳು. ಅಷ್ಟರಲ್ಲಿ ಬೀಗ ರೇವಣಸಿದ್ದಯ್ಯ ಬಂದು ಅಂಗಡಿಯ ಹಲಗೆಯ ಮೇಲೆ ಕೂತ.

"ತವರಮನಿ ಪದ್ಧತಿ ನಾವೇನು ಇಲ್ಲ ಅನ್ನಂಗಿಲ್ರಿ ಬೀಗರ," ಎಂದ. "ಆದರ ಒಂದು ಮಳಿ ಬಿದ್ದರ ನಿಮ್ಮೂರಿಗೆ ಕಾಗಿನೂ ನಡಕೊಂಡು ಬರಂಗಿಲ್ಲ. ಹುಡುಗಿಗೆ ಏನರ ಹೆಚ್ಚುಕಮ್ಮಿ ಆದರ ಸ್ಟೇಷನ್ನಿಗೆ ಹೆಂಗ ಒಯ್ತೀರಿ? ಎರಿಯಾಗ ಬಂಡಿ ಹೂತರ ಯಾರನ್ನ ಕರೀತೀರಿ? ನಮ್ಮಲ್ಲೇ ಆಗಲಿ ಬಿಡ್ರಿ."

ಒಳಗೆ ಉರುಕುಂದಮ್ಮನ ಬಳೆಯ ಸದ್ದು ನಿಂತಿತು. ಮರಿಬಸಪ್ಪ ಏನಾದರೂ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ. ಅದೇ ಹೊತ್ತಿಗೆ ಊರಗೌಡ ಕೆಂಚಣ್ಣ ಒಳಗೆ ಬಂದ.

"ಮರಿಬಸಪ್ಪ, ದಿಣ್ಣಿ ಮ್ಯಾಲೆ ಬಿಳಿ ಕಲ್ಲು ಹಾಕಿದಾತ ನೀನ ಹೌದೇನು?"

"ಹೌದ್ರಿ ಗೌಡ್ರ."

"ಅಳತಿ ಮಾಡಿ?"

"ನೂರು ನೂರು ಹೆಜ್ಜಿಗೆ ಒಂದ್ರಿ."

"ಎಲ್ಲಿತನಕ?"

"ಸ್ಟೇಷನ್ ತನಕ."

"ಯಾರು ಹಾಕಂದ್ರು?"

"ಆದೋನ್ಯಾಗ ದೊಡ್ಡವರು ದಿನಾ ಹೋಗಿ ಬಾ ಅಂದಾರ್ರಿ..."

ಡಾಕ್ಟರು, ಹೊಟ್ಟೆ, ಉಬ್ಬರ ಎಂದು ಮುಂದಿನದನ್ನೂ ಹೇಳಿಬಿಡುತ್ತಿದ್ದ. ಆದರೆ ಬೀಗರ ಮುಖ ನೋಡಿದ. ಆರು ವರ್ಷದ ಬೀಗತನದಲ್ಲಿ ರೇವಣಸಿದ್ದಯ್ಯ ಅವನನ್ನು ಮೊದಲ ಸಲ ಎದುರಿಗೆ ಕೂತ ಮನುಷ್ಯನಂತೆ ನೋಡುತ್ತಿದ್ದ.

"ರಸ್ತಿ ಏನ್ರಿ ಹಂಗಾರ?" ಎಂದು ಬೀಗ ಕೇಳಿದ.

ಮರಿಬಸಪ್ಪ ಕೊರಳ ಟೇಪು ಸರಿಮಾಡಿಕೊಂಡು, "ನಾ ಏನೂ ಹೇಳಂಗಿಲ್ರಿ," ಎಂದ.

ಅದು ಅಪ್ಪಟ ಸತ್ಯವಾಗಿತ್ತು. ಆದರೆ ಆ ಕಾಲದಲ್ಲಿ ಸರ್ಕಾರದವರೆಲ್ಲ ಹಾಗೇ ಮಾತಾಡುತ್ತಿದ್ದರು. ಕೆಂಚಣ್ಣ ತಲೆಯಾಡಿಸಿ ಎದ್ದ. ರೇವಣಸಿದ್ದಯ್ಯನೂ ಎದ್ದು, "ರಸ್ತಿ ಆದರ ಸೊಸಿನ್ನ ನಾನ ಕರಕೊಂಡು ಬರತೀನಿ. ಮಳಿ ಬಿದ್ದ ಮ್ಯಾಲೇ ಬರತೀನಿ, ನೋಡೇ ಬಿಡೋಣ," ಎಂದು ರೈಲಿಗೆ ಹೊರಟ.

"ಏನು ಮಾಡೀರಿ ಗೊತ್ತೈತೇನು?" ಎಂದು ಉರುಕುಂದಮ್ಮ ಹೊರಗೆ ಬಂದಳು.

"ನಾ ಏನೂ ಹೇಳಲಿಲ್ಲಲ್ಲ."

"ಹೇಳಲಾರದ್ದಕ್ಕ ಹಿಂಗಾತು. ಈಗ ಹೋಗಿ ಗೌಡ್ರಿಗೆ ಹೇಳ್ರಿ."

ಅವನು ಹೋಗಲೆಂದೇ ಎದ್ದ. ಆದರೆ ಬಾಗಿಲಲ್ಲಿ ಸುಂಕಣ್ಣ ನಿಂತಿದ್ದ. ಮರಿಬಸಪ್ಪ ಅಭ್ಯಾಸಬಲದಿಂದ, "ಅಂಗಿ ನಾಳಿಗೆ," ಎಂದ.

"ಅಂಗಿ ಇರಲಿ ಬಿಡ್ರಿ," ಎಂದು ಸುಂಕಣ್ಣ ಒಂದು ಪುಟ್ಟಿ ಬದನೆಕಾಯಿ ಇಳಿಸಿದ. "ನಮ್ಮ ಹೊಲದ ಹಂತ್ಯಾಗ ಕಲ್ಲಿನ ಸಾಲು ಬಂಡೆಗಲ್ಲಿನ ಹಿಂದಕ ಸುತ್ತೈತ್ರಿ. ಸ್ವಲ್ಪ ಈಚಿಗಿ ಸರಿಸಿದರ ಬಂಡಿ ಹೊಲದ ಬಾಯಿಗೇ ಬರತೈತಿ. ಹೊಲದಾಗ ಬ್ಯಾಡ್ರಿ ಮತ್ತ. ಬಾಯಿಗೆ."

ಸುಂಕಣ್ಣ ಅಂಗಿ ಕೇಳದೆ ಹೋದ. ಇಪ್ಪತ್ತೆರಡು ವರ್ಷದಲ್ಲಿ ಇಂಥದು ನಡೆದಿರಲಿಲ್ಲ. ಮರುದಿನ ಹುಲುಗಮ್ಮ ಮಜ್ಜಿಗೆ ತಂದು, "ಕುಪ್ಪಸದ್ದು ಗಡಬಡಿ ಇಲ್ಲಣ್ಣ, ನಿನಗ ಸರಕಾರದ ಕೆಲಸ," ಎಂದಳು. ಮರಿಬಸಪ್ಪ ಆ ಮಜ್ಜಿಗೆ ಕುಡಿಯುವಾಗ ಅವನ ಮುಖದಲ್ಲಿ ಪಶ್ಚಾತ್ತಾಪಕ್ಕಿಂತ ನೆಮ್ಮದಿಯೇ ಹೆಚ್ಚಾಗಿತ್ತೆಂದು ಹೇಳಲೇಬೇಕು.

ಬದನೆಕಾಯಿಗೂ ಕಲ್ಲು ಕದಲಲಿಲ್ಲವೆಂದು ಕಂಡಾಗ ಜನ ತಾವೇ ಕದಲಿಸತೊಡಗಿದರು. ಹನ್ನೊಂದನೆಯ ಕಲ್ಲು ಸುಂಕಣ್ಣನ ಕಡೆ ಇಪ್ಪತ್ತು ಮಾರು ಬಂತು. ಹದಿನೇಳನೆಯದು ಆದೆಪ್ಪನ ಬಾವಿಯ ಹತ್ತಿರ ಸಿಕ್ಕಿತು. ಮರಿಬಸಪ್ಪನಿಗೆ ಹೆಜ್ಜೆ ಲೆಕ್ಕ ತಪ್ಪಿತು, ಹೊಟ್ಟೆ ಮತ್ತೆ ಉಬ್ಬಿತು. ಅವನು ಪ್ರತಿ ಬೆಳಿಗ್ಗೆ ಕಲ್ಲುಗಳನ್ನು ಎತ್ತಿ ತಂದು ಮೊದಲಿನ ಜಾಗದಲ್ಲೇ ಇಟ್ಟ. ನಾಲ್ಕು ದಿನ ಹೀಗೆ ನಡೆಯಿತು. ಐದನೆಯ ದಿನ ಕಟ್ಟೆಯ ಮೇಲೆ ತೀರ್ಮಾನವಾಯಿತು.

"ಬದನಿಕಾಯಿ ತಿಂದೂ ಕಲ್ಲು ಸರಿಸಲಿಲ್ಲ ನೋಡ್ರಿ," ಎಂದ ಆದೆಪ್ಪ. "ಇಂಥ ಆಫೀಸರ್ ಎಲ್ಲೆದಾನ?"

ಆ ಮೆಚ್ಚುಗೆಯಲ್ಲೇ ಕೆಂಚಣ್ಣ ಡಂಗುರ ಸಾರಿಸಿದ: ಮನೆಗೊಬ್ಬ ಆಳು, ಗುದ್ದಲಿ, ಪುಟ್ಟಿ. ಮಳೆಗೆ ಮುಂಚೆ ಕಲ್ಲಿನಿಂದ ಕಲ್ಲಿಗೆ ರಸ್ತೆ ಕಡಿಯುವುದು. ಕೂಲಿ ಹುಡುಕಿ ಬೇರೆ ಊರಿಗೆ ಹೋಗಲು ಗಂಟು ಕಟ್ಟಿದ ಮನೆಯವರೂ ಗಂಟು ಬಿಚ್ಚಿ ಹದಿನೈದು ದಿನ ನಿಂತರು. ಯಾರ ಹೊಲವೂ ಹೋಗದ್ದರಿಂದ ಯಾರೂ ತಕರಾರು ತೆಗೆಯಲಿಲ್ಲ. ಮುಂಜಾನೆ ದಿಣ್ಣೆಯ ಮೇಲೆ ನೂರಿಪ್ಪತ್ತು ಗುದ್ದಲಿ ಏಳತೊಡಗಿದವು, ಮತ್ತು ಮರಿಬಸಪ್ಪನಿಗೆ ನಡೆಯಲು ಜಾಗವೇ ಇಲ್ಲದಾಯಿತು.

ಅವನನ್ನು ನಿಜವಾಗಿ ಹೆದರಿಸಿದವನು ಬಜಾರಪ್ಪ. ಒಮ್ಮೆ ಆದೋನಿ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಿಬಂದ ಮೇಲೆ ಕಾನೂನು ಬಲ್ಲವನೆಂದು ಅವನಿಗೆ ಹೆಸರಾಗಿತ್ತು. ಮರಿಬಸಪ್ಪ ಅವನನ್ನು ಬದಿಗೆ ಕರೆದು, ಯಾರೋ ಒಬ್ಬನ ಮಾತೆಂಬಂತೆ ಕೇಳಿದ.

"ಸರಕಾರ ಹೇಳಲಾರದ ಒಬ್ಬಾತ ಕಲ್ಲು ಹಾಕಿದರ?"

"ಸರ್ಕಾರಿ ಕಲ್ಲಾ?"

"ಮಂದಿ ಹಂಗ ತಿಳಕೊಂಡಾರ ಅನ್ನು."

"ಆರು ತಿಂಗಳು," ಎಂದ ಬಜಾರಪ್ಪ ಯೋಚಿಸದೆ. "ಒಂದು ಕಲ್ಲಿಗೆ."

ಮರಿಬಸಪ್ಪ ನಲವತ್ತನ್ನು ಆರರಿಂದ ಗುಣಿಸಿ, ಮೊಮ್ಮಗನ ಮದುವೆಗೂ ತಾನು ಜೈಲಿನಿಂದ ಹೊರಗೆ ಬರುವುದಿಲ್ಲವೆಂದು ಕಂಡುಕೊಂಡ.

ಅದೇ ವಾರ ಊರ ಲೆಕ್ಕಪತ್ರ ಬರೆಯುವ ಕರಣಂ ಚಂದ್ರಣ್ಣ, ಸರ್ಕಾರದ ಕಲ್ಲುಗಳ ಪ್ರಕಾರ ಕೆಲಸ ಭರದಿಂದ ಸಾಗಿದೆಯೆಂದು ಸುಂದರವಾದ ತೆಲುಗಿನಲ್ಲಿ ವರದಿ ಬರೆದು ಮೇಲಿನ ಕಚೇರಿಗೆ ಕಳಿಸಿದ. ಅದನ್ನು ಓದಿದವರು, ತಾವು ಇಡದ ಕಲ್ಲುಗಳನ್ನು ನೋಡಲು ಜೀಪು ಹತ್ತಿದರು.

ಬಂದವರು ಇಬ್ಬರು. ಸುರುಳಿ ನಕ್ಷೆ ಹಿಡಿದ ಎಳೆಯ ಓವರ್ಸಿಯರ್, ಕೊಡೆ ಹಿಡಿದ ವಯಸ್ಸಾದ ಇಂಜಿನಿಯರ್. ಜೀಪು ಒಣಗಿದ ಬಂಡಿಜಾಡಿನಲ್ಲಿ ಧೂಳೆಬ್ಬಿಸಿ ಬಂದು ನಿಂತಿತು. ಓವರ್ಸಿಯರ್ ಇಳಿದವನೇ ಮೊದಲ ಕಲ್ಲನ್ನು ಬೂಟಿನಿಂದ ಮುಟ್ಟಿ, "ಈ ರಾಳ್ಳು ಎವರು ಪೆಟ್ಟಾರು?" ಎಂದು ಕೇಳಿದ.

ಯಾರು ಇಟ್ಟರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೂರಿಪ್ಪತ್ತು ಜನ ಹೆಮ್ಮೆಯಿಂದ ಮರಿಬಸಪ್ಪನ ಕಡೆ ತಿರುಗಿದರು.

"ನಮ್ಮ ಲೈನು ನೆಟ್ಟಗೈತಿ. ಹೊಲದಾಗಿಂದ ಹೋಗತೈತಿ. ಇದೇನು ಹಾವು ಹರಿದಂಗ?" ಎಂದು ಓವರ್ಸಿಯರ್ ನಕ್ಷೆ ಬಿಚ್ಚಿದ. "ಈತನ್ನ ಯಾರು ಕಳಿಸಿದ್ರು? ಆರ್ಡರ್ ಎಲ್ಲೈತಿ?"

ಇಂಜಿನಿಯರ್ ಕೊಡೆಯನ್ನು ಕೋಲಿನಂತೆ ಊರಿಕೊಂಡು ದಿಣ್ಣೆ ಹತ್ತತೊಡಗಿ, "ರಾವಯ್ಯಾ," ಎಂದು ಮರಿಬಸಪ್ಪನನ್ನು ಕೈಮಾಡಿ ಕರೆದರು. ಊರೆಲ್ಲ ಹಿಂದೆ ನಡೆಯಿತು.

ಹನ್ನೊಂದನೆಯ ಕಲ್ಲಿನ ಹತ್ತಿರ ಅವರು ನಿಂತರು. "ಇಲ್ಲಿ ಯಾಕೆ ಬಂಡೆ ಹಿಂದೆ ತಿರುಗಿಸಿದೀರಿ?"

ಮರಿಬಸಪ್ಪನ ಕಣ್ಣ ಮುಂದೆ ಇಪ್ಪತ್ತು ವರ್ಷದ ಜೈಲು ಒಮ್ಮೆಗೇ ಹಾದುಹೋಯಿತು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. "ಸುಂಕಣ್ಣನ ಅಂಗಿ ಸಲುವಾಗಿ ಸ್ವಾಮಿ," ಎಂದ.

"ಏಮಿಟಿ?"

"ಅಂಗಿ ಕೊಟ್ಟಿಲ್ರಿ. ಅಲ್ಲಿಂದ ಹೋದರ ಆತ ನೋಡತಾನ."

ಹಿಂದೆ ಗುದ್ದಲಿಯೊಂದು ನೆಲಕ್ಕೆ ಬಿತ್ತು. ಇಂಜಿನಿಯರ್ ಬಂಡೆಯ ಆಚೆ ಬಗ್ಗಿ ನೋಡಿದರು. ಕೆಳಗೆ ಸುಂಕಣ್ಣನ ಹೊಲಕ್ಕೆ ಇಳಿಯುವ ಹಳ್ಳದ ಕೊರಕಲಿತ್ತು. ಅವರು ಹೂಂ ಎಂದು ಮುಂದೆ ನಡೆದರು.

"ಇಲ್ಲಿ ಎಡಕ್ಕೆ ಯಾಕೆ?"

"ಹುಲುಗಮ್ಮನ ಕುಪ್ಪಸ್ರಿ."

"ಈ ದೊಡ್ಡ ಸುತ್ತು?"

"ಆದೆಪ್ಪನ ಮಗನ ಮದುವಿ ಅಂಗಿ. ಅದಕ್ಕ ಸಣ್ಣ ಸುತ್ತು ಸಾಲಂಗಿಲ್ರಿ."

ಒಂದೊಂದು ತಿರುವಿಗೂ ಒಂದೊಂದು ಬಟ್ಟೆ ಹೊರಬಿತ್ತು. ಹಿಂದೆ ಬರುತ್ತಿದ್ದವರಲ್ಲಿ ಗುಸುಗುಸು ಎದ್ದು, ಗದ್ದಲವಾಗಿ, ಕಡೆಗೆ ಹುಲುಗಮ್ಮನ ಧ್ವನಿ ಸ್ಪಷ್ಟವಾಗಿ ಕೇಳಿತು: "ನನ್ನ ಮಜ್ಜಿಗಿ ಕುಡದಾನಲ್ಲ ಈ ಗಂಡಸು."

"ಹಂಗಾರ ನಿನ್ನ ಕಳಿಸಿದ ದೊಡ್ಡವರು ಯಾರೋ?" ಎಂದು ಕೆಂಚಣ್ಣ ಕೇಳಿದ.

"ಡಾಕ್ಟರ್ರಿ ಗೌಡ್ರ. ಹೊಟ್ಟಿಗೆ."

ಕೆಂಚಣ್ಣ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ. ಓವರ್ಸಿಯರ್ ನಕ್ಷೆ ಸುತ್ತಿ, ಪೊಲೀಸಿಗೆ ಬರೆಯುತ್ತೇನೆಂದು ಹೇಳುತ್ತಿರುವಾಗಲೇ ಪಡುವಣದಿಂದ ಮುಂಗಾರಿನ ಮೊದಲ ಹೊಡೆತ ಬಂತು. ಹನಿಗಳು ಹುಣಸೆಬೀಜದಷ್ಟು ದಪ್ಪವಿದ್ದವು. ಓವರ್ಸಿಯರ್ ಜೀಪಿಗೆ ಓಡಿದ. "ಸರ್, ನಾನು ನೆಟ್ಟಗಿನ ದಾರೀಲೆ ಹೋಗಿ ಸ್ಟೇಷನ್ನಿನಾಗ ಕಾಯ್ತೀನಿ. ಐದೇ ನಿಮಿಷ," ಎಂದು ಕೂಗಿದ. ಇಂಜಿನಿಯರ್ ಕೊಡೆ ಬಿಚ್ಚಿ, ಮರಿಬಸಪ್ಪನನ್ನು ಅದರೊಳಗೆ ಕರೆದುಕೊಂಡು, ಕಲ್ಲಿನಿಂದ ಕಲ್ಲಿಗೆ ನಡೆದೇ ಹೋದರು.

ನಲವತ್ತನೆಯ ಕಲ್ಲಿನ ಹತ್ತಿರ ಅವರು ಎರಡು ಲೋಟ ಚಹಾ ಕುಡಿದರು. ಜೀಪು ಬರಲಿಲ್ಲ. ಮಳೆ ನಿಂತ ಮೇಲೆ ದಿಣ್ಣೆಯ ಅಂಚಿಗೆ ಹೋಗಿ ನೋಡಿದಾಗ, ಆದೆಪ್ಪನ ಹೊಲದ ನಡುವೆ ಅದು ಗಾಲಿ ಕಾಣದಂತೆ ಕೂತಿತ್ತು. ಅದರ ಮೇಲೆ ಓವರ್ಸಿಯರ್ ಎರಡೂ ಬೂಟುಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಎಳೆಯಲು ಎಂಟು ಎತ್ತು ಕಟ್ಟಬೇಕಾಯಿತು.

ಇಂಜಿನಿಯರ್ ತಮ್ಮ ಚಪ್ಪಲಿಯನ್ನು ತಿರುಗಿಸಿ ನೋಡಿದರು. ಅಂಗಾಲಿಗೆ ನಾಲ್ಕು ಗರಸು ಹರಳು ಅಂಟಿದ್ದವು, ಅಷ್ಟೆ.

"ಮೂವತ್ತು ವರ್ಷ ರಸ್ತೆ ಹಾಕಿದೀನಿ," ಎಂದರು. "ಒಬ್ಬರ ಹೊಲಾನೂ ಮುಟ್ಟದ ರಸ್ತೆ ನೋಡಿಲ್ಲ. ಹಳ್ಳಾನೂ ಒಂದೇ ಕಡೆ ದಾಟತೈತಿ. ಒಂದು ಮೋರಿ ಸಾಕು, ನಾನು ಕೊಡ್ತೀನಿ. ಕಲ್ಲು ಯಾರೂ ಮುಟ್ಟಬ್ಯಾಡ್ರಿ." ಆಮೇಲೆ ಮರಿಬಸಪ್ಪನ ಕಡೆ ತಿರುಗಿ, "ಇನ್ನೂ ನಾಲ್ಕು ಮಂದಿಗೆ ಅಂಗಿ ಕೊಡದೇ ಇದ್ದಿದ್ರೆ ಆದೋನಿ ತನಕ ಹಾಕಬಹುದಾಗಿತ್ತು," ಎಂದರು.

ಊರಿನ ತೀರ್ಪನ್ನು ಕೆಂಚಣ್ಣ ಅಲ್ಲೇ ಹೇಳಿದ. ಸಿಂಪಿಗನಿಗೆ ಗುದ್ದಲಿ ಕೆಲಸ ಮಾಫಿ. ಆದರೆ ಮೋರಿ ಮುಗಿಯುವುದರೊಳಗೆ ಊರಿನ ಅಷ್ಟೂ ಬಟ್ಟೆ ಮುಗಿಯಬೇಕು, ಕಾಜಾ ಗುಂಡಿ ಸಮೇತ. ಕಾವಲಿಗೆ ಹುಲುಗಮ್ಮ. ಅವಳು ಹದಿನಾರು ದಿನ ಅಂಗಡಿಯ ಬಾಗಿಲಲ್ಲಿ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕೂತಳು. ಮರಿಬಸಪ್ಪ ಕಣ್ಣೆತ್ತಿದರೆ ಕುಪ್ಪಸವೆಂದಳು, ಕೈ ನಿಂತರೆ ಮಜ್ಜಿಗೆಯೆಂದಳು.

ಆಷಾಢದ ಮೊದಲ ಸೋಮವಾರ, ಮೂರು ದಿನ ಬಿಡದೆ ಸುರಿದ ಮಳೆಯ ನಡುವೆ, ರೇವಣಸಿದ್ದಯ್ಯ ಸೊಸೆಯೊಂದಿಗೆ ಕೋಸಗಿಯಲ್ಲಿ ಇಳಿದ. ಮರಿಬಸಪ್ಪ ಬಂಡಿ ಕಟ್ಟಿಸಿಕೊಂಡು ಬಂದಿದ್ದ. ಬೀಗ ರಸ್ತೆಯನ್ನು ಮೇಲೆ ಕೆಳಗೆ ನೋಡಿದ.

"ಏನ್ರಿ ಇದು, ಇಷ್ಟು ಸುತ್ತಾ? ನಾ ಹಳೇ ಹಾದೀಲೆ ನಡಕೊಂಡು ನಿಮ್ಮಕಿಂತ ಮೊದಲ ಮುಟ್ಟತೀನಿ."

"ಬ್ಯಾಡ್ರಿ ಮಾವಾ," ಎಂದಳು ರಾಮಲಕ್ಷ್ಮಿ ಬಂಡಿಯೊಳಗಿನಿಂದ. ಆದರೆ ಅವನು ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟಿದ್ದ.

ಬಂಡಿ ಒಮ್ಮೆಯೂ ಕುಲುಕದೆ ದಿಣ್ಣೆಯ ಮೇಲೆ ಬಂತು. ಸುಂಕಣ್ಣ ಹೊಸ ಅಂಗಿ ತೊಟ್ಟು ಬಂಡೆಯ ಹತ್ತಿರ ನಿಂತಿದ್ದ. ಉರುಕುಂದಮ್ಮ ಮಗಳ ಕಾಲು ತೊಳೆಯಲೆಂದು ಬಿಂದಿಗೆ ತಂದು, ಆ ಕಾಲಿಗೆ ಕೆಸರೇ ಇಲ್ಲದ್ದನ್ನು ಕಂಡು, ಆದರೂ ಇಡೀ ಬಿಂದಿಗೆ ಸುರಿದಳು. ಮಗಳು ಉಂಡು, ಎಲೆಯಡಿಕೆ ಹಾಕಿಕೊಂಡು, ಹೊಸ ಕೌದಿಯ ಮೇಲೆ ಮಲಗಿ ನಿದ್ದೆ ಹೋದ ಮೇಲೆ ಬಾಗಿಲಲ್ಲಿ ರೇವಣಸಿದ್ದಯ್ಯ ಕಾಣಿಸಿಕೊಂಡ. ತೊಡೆಯವರೆಗೆ ಎರೆಮಣ್ಣು ಮೆತ್ತಿತ್ತು, ಚಪ್ಪಲಿ ಎಲ್ಲೋ ಉಳಿದಿತ್ತು.

"ನಮ್ಮ ಹುಡುಗಿ?"

"ಮಲಗ್ಯಾಳ್ರಿ," ಎಂದಳು ಉರುಕುಂದಮ್ಮ. "ಸ್ವಲ್ಪ ಸಾವಕಾಶ ಮಾತಾಡ್ರಿ."

ಬೀಗ ಹಲಗೆಯ ಮೇಲೆ ಕೂತು ಕಾಲಿನ ಮಣ್ಣು ಕೆರೆದುಕೊಂಡ. ಆಮೇಲೆ ಒಂದು ಅಂಚೆ ಕಾರ್ಡು ಕೇಳಿ ತೆಗೆದುಕೊಂಡು, ಪತ್ತಿಕೊಂಡಕ್ಕೆ ಬರೆದ.

ಹನ್ನೆರಡನೆಯ ದಿನ ಗಂಡು ಮಗು ಹುಟ್ಟಿತು. ಅದರ ಮರುದಿನವೇ, ಹಳ್ಳ ತುಂಬಿ ಹರಿಯುತ್ತಿರುವಾಗ, ದಿಣ್ಣೆಯ ತಿರುವಿನಲ್ಲಿ ಎರಡು ಬಂಡಿ ಕಾಣಿಸಿದವು. ಕೆಂಚಣ್ಣ ಹಣೆಗೆ ಕೈ ಅಡ್ಡ ಹಿಡಿದು ನೋಡಿದ.

"ಯಾರು ಬರಾಕ ಹತ್ಯಾರ, ಮರಿಬಸಪ್ಪ?"

"ಬೀಗರ ಮನಿಯವರ್ರಿ. ಹಾದಿ ಚಂದ ಐತಿ, ಎಲ್ಲಾರೂ ಬರ್ರಿ ಅಂತ ಬರದಿದ್ರಂತ."

"ಎಷ್ಟು ಮಂದಿ?"

ಮರಿಬಸಪ್ಪ ಎಣಿಸಿದ. ನಡುವೆ ಯಾರೂ ಮಾತಾಡಿಸಲಿಲ್ಲವಾದ್ದರಿಂದ ಲೆಕ್ಕ ತಪ್ಪಲಿಲ್ಲ. "ಹದಿನಾಲ್ಕು," ಎಂದ. ಹಿಂದೆ ಉರುಕುಂದಮ್ಮ ಆಗಲೇ ದಸ್ತಗಿರಮ್ಮನ ಮನೆಗೆ ರೊಟ್ಟಿಹಂಚು ಕೇಳಲು ಓಡಿದ್ದಳು.

"ಇಷ್ಟು ಮಂದಿನ್ನ ತಡಕೋತೀಯೇನು?" ಎಂದ ಕೆಂಚಣ್ಣ.

ಬಂಡಿಗಳು ಮೋರಿಯ ಮೇಲೆ ಬಂದವು. ಕೆಳಗೆ ನೀರು ಭೋರೆನ್ನುತ್ತಿತ್ತು, ಮೇಲೆ ಎತ್ತುಗಳು ಕೊರಳು ಆಡಿಸುತ್ತ ಆರಾಮವಾಗಿ ನಡೆಯುತ್ತಿದ್ದವು. ಮರಿಬಸಪ್ಪ ತಲೆಯ ಪಟಗ ಸರಿಮಾಡಿಕೊಂಡು ಎದುರುಗೊಳ್ಳಲು ನಾಲ್ಕು ಹೆಜ್ಜೆ ಮುಂದೆ ಬಂದ.

"ಬರಲಿ ಬಿಡ್ರಿ ಗೌಡ್ರ," ಎಂದ. "ರಸ್ತಿ ಐತಲ್ಲ."